ಚಳಿಗಾಲದ ಖರೀದಿಗೆ ಅಂಕ ಕೊಡುವುದು ಹೇಗೆ?

ಓದುಗರ ಪ್ರಶ್ನೆಗಳಿಗೆ ಉತ್ತರ: ಕ್ರೀಡೆ

ಪ್ರಶ್ನೆ: ಉದ್ಯೋಗದ ನಿಮಿತ್ತ ನಾವು ಅಮೆರಿಕದ ನ್ಯೂಜೆರ್ಸಿಯಲ್ಲಿ ನೆಲೆಸಿದ್ದೇವೆ. ನನ್ನ ಮಗ ನ್ಯೂಯಾರ್ಕ್ ಮೆಟ್ಸ್ ಬೇಸ್‌ಬಾಲ್ ತಂಡದ ಅಭಿಮಾನಿ. 2022–23ರ ಚಳಿಗಾಲದಲ್ಲಿ ಆ ತಂಡವು ನೀರಿನಂತೆ ಹಣ ಸುರಿದು ಆಟಗಾರರನ್ನು ಸೇರಿಸಿಕೊಂಡಾಗ ಸುತ್ತಲಿನವರೆಲ್ಲ ಕೊಂಡಾಡಿದರು. ಮುಂದಿನ ಋತುವಿನಲ್ಲಿ ತಂಡ ನೆಲಕಚ್ಚಿತು. ಹಾಗಾದರೆ ಆ ಖರೀದಿಗಳೆಲ್ಲ ತಪ್ಪೇ? ಆಟ ಆರಂಭವಾಗುವ ಮೊದಲೇ ಇವನ್ನು ಅಳೆಯಲು ಸಾಧ್ಯವೇ? (ಎಡಿಸನ್‌ನ ಓದುಗರು)

ಉತ್ತರ: ಎಲ್ಲವೂ ತಪ್ಪಲ್ಲ. ಆದರೆ ಒಂದೊಂದನ್ನೇ ನೋಡಿದಾಗ ಸರಿಯೆನಿಸುವ ನಿರ್ಧಾರಗಳು ಒಟ್ಟು ಸೇರಿದಾಗ ಹೇಗೆ ಅಪಾಯಕಾರಿಯಾಗಬಲ್ಲವು ಎಂಬುದಕ್ಕೆ ಆ ಚಳಿಗಾಲಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಮೊದಲು ಅಂದಿನ ಪರಿಸ್ಥಿತಿಯನ್ನು ನೆನಪಿಸಿಕೊಳ್ಳೋಣ. 2022ರಲ್ಲಿ ಮೆಟ್ಸ್ 162 ಪಂದ್ಯಗಳಲ್ಲಿ 101ನ್ನು ಗೆದ್ದಿತ್ತು. ಅಟ್ಲಾಂಟಾ ಬ್ರೇವ್ಸ್ ಕೂಡ ಅಷ್ಟೇ ಗೆದ್ದು, ಪರಸ್ಪರ ಪಂದ್ಯಗಳ ಲೆಕ್ಕದಲ್ಲಿ ವಿಭಾಗದ ಅಗ್ರಸ್ಥಾನ ಪಡೆದಿತ್ತು. ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಮೆಟ್ಸ್ ಸ್ಯಾನ್ ಡಿಯಾಗೊ ಪ್ಯಾಡ್ರೆಸ್‌ಗೆ ಸೋತಿತು. ಋತು ಮುಗಿಯುತ್ತಲೇ ಜೇಕಬ್ ಡಿಗ್ರಾಮ್, ಕ್ರಿಸ್ ಬ್ಯಾಸಿಟ್ ಮತ್ತು ತೈವಾನ್ ವಾಕರ್ ಎಂಬ ಮೂವರು ಆರಂಭಿಕ ಪಿಚರ್‌ಗಳು (ಪಂದ್ಯದ ಆರಂಭದಿಂದ ಚೆಂಡೆಸೆಯುವವರು) ತಂಡವನ್ನು ಬಿಟ್ಟರು. ಅವರ ಜಾಗಕ್ಕೆ ಬಂದವರು ಎರಡು ವರ್ಷಕ್ಕೆ 8.67 ಕೋಟಿ ಡಾಲರ್ ಪಡೆದ ಜಸ್ಟಿನ್ ವರ್ಲ್ಯಾಂಡರ್, ಐದು ವರ್ಷಕ್ಕೆ 7.5 ಕೋಟಿ ಡಾಲರ್ ಪಡೆದ ಜಪಾನಿನ ಕೊಡಾಯ್ ಸೆಂಗಾ ಮತ್ತು ಎರಡು ವರ್ಷಕ್ಕೆ 2.6 ಕೋಟಿ ಡಾಲರ್ ಪಡೆದ ಹೊಸೆ ಕಿಂಟಾನಾ. ತಂಡದಲ್ಲೇ ಉಳಿದವರ ಪೈಕಿ ಬ್ರ್ಯಾಂಡನ್ ನಿಮ್ಮೊಗೆ ಎಂಟು ವರ್ಷಕ್ಕೆ 16.2 ಕೋಟಿ, ಪಂದ್ಯದ ಕೊನೆಯ ಇನ್ನಿಂಗ್ಸ್ ಎಸೆಯುವ ಎಡ್ವಿನ್ ಡಿಯಾಸ್‌ಗೆ ಐದು ವರ್ಷಕ್ಕೆ 10.2 ಕೋಟಿ ಡಾಲರ್‌ಗಳ ಒಪ್ಪಂದ ದೊರೆಯಿತು.

ಇವುಗಳಲ್ಲಿ ಯಾವುದನ್ನು ಆ ದಿನವೇ ತಪ್ಪೆಂದು ಹೇಳಬಹುದಿತ್ತು? ವರ್ಲ್ಯಾಂಡರ್ ಹಿಂದಿನ ಋತುವಿನಲ್ಲಷ್ಟೇ ಹ್ಯೂಸ್ಟನ್ ತಂಡದ ಪರವಾಗಿ 1.75 ಇ.ಆರ್.ಎ. ಸಾಧಿಸಿ, ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದಿದ್ದರು. (ಪಿಚರ್ ತನ್ನ ಹೊಣೆಯಿಂದ ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಎಷ್ಟು ರನ್ ಬಿಟ್ಟುಕೊಡುತ್ತಾನೆ ಎಂಬುದೇ ಇ.ಆರ್.ಎ.; ಕಡಿಮೆಯಿದ್ದಷ್ಟೂ ಒಳ್ಳೆಯದು.) ಡಿಯಾಸ್ 2022ರಲ್ಲಿ 62 ಇನ್ನಿಂಗ್ಸ್‌ಗಳಲ್ಲಿ 118 ಬ್ಯಾಟರ್‌ಗಳನ್ನು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗಳಲ್ಲಿ ಔಟ್) ಮಾಡಿದ್ದರು. ಅಂಥವರನ್ನು ಉಳಿಸಿಕೊಂಡದ್ದನ್ನು ಆಕ್ಷೇಪಿಸುವುದು ಕಷ್ಟ. ಮಾರ್ಚ್ 2023ರ ವಿಶ್ವ ಬೇಸ್‌ಬಾಲ್ ಕ್ಲಾಸಿಕ್‌ನಲ್ಲಿ ಪೋರ್ಟೊರಿಕೊ ತಂಡವು ಡೊಮಿನಿಕನ್ ಗಣರಾಜ್ಯವನ್ನು ಸೋಲಿಸಿದಾಗ ಗೆಳೆಯರೊಡನೆ ಸಂಭ್ರಮಿಸುತ್ತಿದ್ದ ಡಿಯಾಸ್ ಮಂಡಿಯ ಸ್ನಾಯುರಜ್ಜು ಹರಿದುಕೊಂಡು ಇಡೀ ಋತುವನ್ನೇ ಕಳೆದುಕೊಂಡದ್ದು ದುರದೃಷ್ಟವೇ ಹೊರತು ಆಡಳಿತದ ಅವಿವೇಕವಲ್ಲ. ಆಟದ ನಡುವೆಯೂ ಅಲ್ಲದೆ, ಗೆಲುವಿನ ಕುಣಿತದಲ್ಲಿ ಆಗುವ ಗಾಯವನ್ನು ಯಾವ ಲೆಕ್ಕಾಚಾರವೂ ಮುಂಗಾಣಲಾರದು.

ನಿಜವಾದ ದೋಷವಿದ್ದದ್ದು ವಯಸ್ಸಿನ ಲೆಕ್ಕದಲ್ಲಿ, ಮತ್ತು ಅದು ಆ ದಿನವೇ ಕಣ್ಣಿಗೆ ಕಾಣುತ್ತಿತ್ತು. ಬೇಸ್‌ಬಾಲ್‌ನಲ್ಲಿ ಒಬ್ಬ ಆರಂಭಿಕ ಪಿಚರ್ ಸಾಮಾನ್ಯವಾಗಿ ಐದು ದಿನಕ್ಕೊಮ್ಮೆ ಎಸೆಯುತ್ತಾನೆ. ಆದ್ದರಿಂದ ಐವರ ಸರದಿ ಬೇಕು. 2023ರ ಋತು ಆರಂಭವಾದಾಗ ಮೆಟ್ಸ್‌ನ ಐವರಲ್ಲಿ ವರ್ಲ್ಯಾಂಡರ್‌ಗೆ 40, ಮ್ಯಾಕ್ಸ್ ಶರ್ಜರ್‌ಗೆ 38, ಕಾರ್ಲೋಸ್ ಕರಾಸ್ಕೊಗೆ 36, ಕಿಂಟಾನಾಗೆ 34 ವರ್ಷ. ಐದನೆಯವರಾದ ಸೆಂಗಾ 30ರ ಹರೆಯದವರಾದರೂ ವಾರಕ್ಕೊಮ್ಮೆ ಎಸೆಯುವ ಜಪಾನಿನ ಪದ್ಧತಿಯಿಂದ ಬಂದವರು. ಹಿಂದಿನ ವರ್ಷದ ಅಂಕಿಅಂಶಗಳನ್ನು ಕೂಡಿಸಿದರೆ ಈ ಐವರು ಒಂದು ಋತುವಿಗೆ ಬೇಕಾದ ಇನ್ನಿಂಗ್ಸ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಎಸೆಯಬೇಕು. ಕಾಗದದ ಮೇಲೆ ಕೊರತೆಯೇ ಇರಲಿಲ್ಲ. ಆದರೆ ಐದು ಗದ್ದೆಗಳನ್ನು ಕೊಂಡು ಐದಕ್ಕೂ ಒಂದೇ ಕೆರೆಯ ನೀರನ್ನು ನಂಬಿದವನು ಐದು ಬೆಳೆಗಳ ಭರವಸೆ ಇಟ್ಟುಕೊಳ್ಳಬಾರದು. ಇಲ್ಲಿನ ಬಹುತೇಕ ಖರೀದಿಗಳ ಅಪಾಯ ಒಂದೇ ಬಗೆಯದಾಗಿತ್ತು.

ಆದದ್ದೂ ಹಾಗೆಯೇ. ಕಿಂಟಾನಾಗೆ ಪಕ್ಕೆಲುಬಿನ ಶಸ್ತ್ರಚಿಕಿತ್ಸೆಯಾಗಿ ಅವರು ಜುಲೈವರೆಗೆ ಕಣಕ್ಕಿಳಿಯಲಿಲ್ಲ. ವರ್ಲ್ಯಾಂಡರ್ ಮೊದಲ ತಿಂಗಳನ್ನು ಭುಜದ ಸಮೀಪದ ಸ್ನಾಯು ನೋವಿನಿಂದ ಕಳೆದುಕೊಂಡರು. ಕರಾಸ್ಕೊ ಅವರ ಇ.ಆರ್.ಎ. 6.80ಕ್ಕೆ ಏರಿತು. (1.4 ಕೋಟಿ ಡಾಲರ್ ತೆತ್ತು ಅವರನ್ನು ಇನ್ನೊಂದು ವರ್ಷ ಉಳಿಸಿಕೊಂಡ ನಿರ್ಧಾರದ ಬಗ್ಗೆ ಆಗ ಹೆಚ್ಚು ಮಂದಿ ಮಾತನಾಡಲೇ ಇಲ್ಲ. ದೊಡ್ಡ ಹೆಸರುಗಳ ಗದ್ದಲದಲ್ಲಿ ಮರೆಯಾಗುವ ಇಂಥ ನಿರ್ಧಾರಗಳನ್ನೇ ನಾನು ಮೊದಲು ನೋಡಲು ಬಯಸುತ್ತೇನೆ.) ಬದಲಿಗೆ ಇಳಿದ ಡೇವಿಡ್ ಪೀಟರ್ಸನ್ ಮತ್ತು ಟೈಲರ್ ಮೆಗಿಲ್ ಆ ತೂಕವನ್ನು ಹೊರಲಾರದೆ ಹೋದರು. ಅತ್ತ, ಮೂರು ವರ್ಷಕ್ಕೆ 6.3 ಕೋಟಿ ಡಾಲರ್ ಪಡೆದು ಟೊರಾಂಟೊ ಸೇರಿದ ಬ್ಯಾಸಿಟ್ ಸರಿಯಾಗಿ 200 ಇನ್ನಿಂಗ್ಸ್ ಎಸೆದು 16 ಪಂದ್ಯಗಳನ್ನು ಗೆದ್ದರು. ಬ್ಯಾಸಿಟ್ ಮತ್ತು ವಾಕರ್ 2022ರಲ್ಲಿ ಮೆಟ್ಸ್‌ಗಾಗಿ ಎಸೆದ 339 ಇನ್ನಿಂಗ್ಸ್‌ಗಳು ಹೊಳಪಿನವಲ್ಲದಿದ್ದರೂ ನಂಬಿಕೆಗೆ ಅರ್ಹವಾದವು. ಮೆಟ್ಸ್ ಅವನ್ನು ಬಿಟ್ಟುಕೊಟ್ಟು ಪ್ರತಿಭೆಯನ್ನು ಕೊಂಡಿತು, ಲಭ್ಯತೆಯನ್ನು ಕೊಳ್ಳಲಿಲ್ಲ.

ಇನ್ನೊಂದು ಮಾತನ್ನೂ ಸೇರಿಸಬೇಕು. 75 ಗೆಲುವು, 87 ಸೋಲುಗಳೊಡನೆ ತಂಡ ವಿಭಾಗದಲ್ಲಿ ನಾಲ್ಕನೆಯದಾದದ್ದಕ್ಕೆ ಹೊಸಬರಷ್ಟೇ ಕಾರಣರಲ್ಲ. 2022ರಲ್ಲಿ .326 ಸರಾಸರಿಯೊಡನೆ (ಬ್ಯಾಟಿಂಗ್ ಅವಕಾಶಗಳಲ್ಲಿ ಹಿಟ್‌ಗಳ ಪಾಲು) ಬ್ಯಾಟಿಂಗ್ ಪಟ್ಟ ಗೆದ್ದಿದ್ದ ಜೆಫ್ ಮೆಕ್ನೀಲ್ ಮರುವರ್ಷ .270ಕ್ಕೆ ಇಳಿದರು, ಸ್ಟಾರ್ಲಿಂಗ್ ಮಾರ್ಟೆ .292ರಿಂದ .248ಕ್ಕೆ ಕುಸಿದರು. ಸೆಂಗಾ ಮಾತ್ರ 2.98 ಇ.ಆರ್.ಎ. ಮತ್ತು 202 ಸ್ಟ್ರೈಕ್‌ಔಟ್‌ಗಳೊಡನೆ ಆ ವರ್ಷದ ಅತ್ಯುತ್ತಮ ನವಾಗತನ ಸ್ಪರ್ಧೆಯಲ್ಲಿ ಎರಡನೆಯವರಾದರು. ಯಾರ ಬಗ್ಗೆ ಹೆಚ್ಚು ಅನುಮಾನವಿತ್ತೋ ಆ ಒಪ್ಪಂದವೇ ಮೊದಲ ವರ್ಷದಲ್ಲಿ ಹೆಚ್ಚು ಫಲ ಕೊಟ್ಟಿತು.

ಪ್ರಶ್ನೆ: ಐಪಿಎಲ್ ಹರಾಜಿನಲ್ಲಿ ಪ್ರತಿ ತಂಡಕ್ಕೂ ಒಂದೇ ಮೊತ್ತದ ಮಿತಿ ಇರುತ್ತದೆ. ಬೇಸ್‌ಬಾಲ್‌ನಲ್ಲಿ ಒಂದೇ ತಂಡ ಇಷ್ಟೊಂದು ಖರ್ಚು ಮಾಡಲು ಹೇಗೆ ಸಾಧ್ಯ? (ಶಿವಮೊಗ್ಗದ ಓದುಗರು)

ಉತ್ತರ: ಅದೇ ಚಳಿಗಾಲದಲ್ಲಿ, ಡಿಸೆಂಬರ್ 23, 2022ರಂದು ಕೊಚ್ಚಿಯಲ್ಲಿ ಐಪಿಎಲ್ ಹರಾಜು ನಡೆದಾಗ ಪ್ರತಿ ತಂಡದ ಒಟ್ಟು ಮಿತಿ 95 ಕೋಟಿ ರೂಪಾಯಿ ಆಗಿತ್ತು. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಹರಾಜೂ ಇಲ್ಲ, ಇಂಥ ಕಟ್ಟುನಿಟ್ಟಾದ ಮಿತಿಯೂ ಇಲ್ಲ. ಆರು ವರ್ಷಗಳ ಸೇವೆ ಪೂರೈಸಿ ಒಪ್ಪಂದ ಮುಗಿದ ಆಟಗಾರನು ಯಾವ ತಂಡದೊಡನೆ ಬೇಕಾದರೂ ಮಾತುಕತೆ ನಡೆಸಬಹುದು.

ಮಿತಿಯ ಬದಲು ಇರುವುದು ತೆರಿಗೆ. 2023ರಲ್ಲಿ ಒಂದು ತಂಡದ ಸಂಬಳದ ಲೆಕ್ಕ 23.3 ಕೋಟಿ ಡಾಲರ್ ದಾಟಿದರೆ ಹೆಚ್ಚಿನ ಮೊತ್ತದ ಮೇಲೆ ತೆರಿಗೆ ಆರಂಭವಾಗುತ್ತಿತ್ತು. ಅದರ ಮೇಲೆ ಇನ್ನೂ ಮೂರು ಹಂತಗಳಿದ್ದು, ಕೊನೆಯದು 29.3 ಕೋಟಿ. ಈ ಕೊನೆಯ ಹಂತವನ್ನು ಮೆಟ್ಸ್ ಮಾಲೀಕ ಸ್ಟೀವ್ ಕೋಹೆನ್ ಅವರ ಹೆಸರಿನಿಂದಲೇ ‘ಕೋಹೆನ್ ತೆರಿಗೆ’ ಎಂದು ಜನ ಕರೆಯುತ್ತಾರೆ. ಸತತ ಎರಡನೆಯ ವರ್ಷ ಮಿತಿ ಮೀರಿದ ಮೆಟ್ಸ್‌ಗೆ ಆ ಹಂತದಾಚೆಯ ಪ್ರತಿ ಡಾಲರ್‌ಗೂ 90 ಸೆಂಟ್ ತೆರಿಗೆ ಬಿತ್ತು. ಋತುವಿನ ಕೊನೆಗೆ ಅದು ಕಟ್ಟಬೇಕಾದ ತೆರಿಗೆಯೇ ಸುಮಾರು 10 ಕೋಟಿ ಡಾಲರ್‌ಗಳಾಗಿದ್ದು, ಅಲ್ಲಿಯವರೆಗೆ ಯಾವ ತಂಡವೂ ಅಷ್ಟು ಕಟ್ಟಿರಲಿಲ್ಲ.

ಆದ್ದರಿಂದ ಖರೀದಿಯನ್ನು ಅಳೆಯುವಾಗ ಸಂಬಳವನ್ನಷ್ಟೇ ನೋಡಿದರೆ ಸಾಲದು. ಕಾರ್ಲೋಸ್ ಕೊರೆಯಾ ಎಂಬ ಆಟಗಾರನೊಡನೆ ಅದೇ ಚಳಿಗಾಲದಲ್ಲಿ ಮೆಟ್ಸ್ ಹನ್ನೆರಡು ವರ್ಷಕ್ಕೆ 31.5 ಕೋಟಿ ಡಾಲರ್‌ಗೆ ಒಪ್ಪಿಕೊಂಡಿತ್ತು. ವರ್ಷಕ್ಕೆ ಸುಮಾರು 2.6 ಕೋಟಿ. ಆದರೆ 90 ಪ್ರತಿಶತ ತೆರಿಗೆ ಸೇರಿಸಿದರೆ ಆ ಮೊದಲ ವರ್ಷದ ನಿಜವಾದ ವೆಚ್ಚ 5 ಕೋಟಿಯ ಹತ್ತಿರ ಬರುತ್ತಿತ್ತು. ವೈದ್ಯಕೀಯ ತಪಾಸಣೆಯಲ್ಲಿ ಹಳೆಯ ಕಾಲಿನ ಗಾಯದ ಬಗ್ಗೆ ಶಂಕೆ ಮೂಡಿ ಒಪ್ಪಂದ ಮುರಿಯಿತು. ಅದಕ್ಕೂ ಮೊದಲು ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ನ 35 ಕೋಟಿಯ ಒಪ್ಪಂದವೂ ಇದೇ ಕಾರಣಕ್ಕೆ ಬಿದ್ದುಹೋಗಿತ್ತು. ಕೊನೆಗೆ ಕೊರೆಯಾ ಆರು ವರ್ಷಕ್ಕೆ 20 ಕೋಟಿ ಡಾಲರ್ ಪಡೆದು ಮಿನೆಸೋಟಾಗೆ ಮರಳಿ, 2023ರಲ್ಲಿ .230 ಸರಾಸರಿಯಲ್ಲಿ ಆಡಿದರು. ಕೈಬಿಟ್ಟ ಖರೀದಿಗಳನ್ನೂ ಲೆಕ್ಕಕ್ಕೆ ಹಿಡಿಯುವುದಾದರೆ, ಆ ಚಳಿಗಾಲದಲ್ಲಿ ಮೆಟ್ಸ್ ವೈದ್ಯರ ಮಾತನ್ನು ಕೇಳಿದ್ದಕ್ಕೆ ಒಳ್ಳೆಯ ಅಂಕವನ್ನೇ ಕೊಡಬೇಕು.

ಪ್ರಶ್ನೆ: ಬೇಸ್‌ಬಾಲ್ ವಿಶ್ಲೇಷಕರು ಆಟಗಾರನ ಬೆಲೆಯನ್ನು ‘ವಾರ್’ ಎಂಬ ಒಂದೇ ಸಂಖ್ಯೆಯಲ್ಲಿ ಹೇಳುತ್ತಾರೆ. ಅದನ್ನು ನಂಬಬಹುದೇ? (ಮೈಸೂರಿನ ಓದುಗರು)

ಉತ್ತರ: ಸುಲಭವಾಗಿ ಸಿಗುವ ಬದಲಿ ಆಟಗಾರನಿಗಿಂತ ಈತನಿಂದ ತಂಡಕ್ಕೆ ಎಷ್ಟು ಗೆಲುವು ಹೆಚ್ಚು ಸಿಕ್ಕಿತು ಎಂಬ ಅಂದಾಜೇ ಅದು. ಬರೀ ಬದಲಿಗರ ತಂಡವೊಂದು 162ರಲ್ಲಿ ಸುಮಾರು 48 ಪಂದ್ಯಗಳನ್ನು ಗೆಲ್ಲುತ್ತದೆ ಎಂದು ಲೆಕ್ಕ ಆರಂಭವಾಗುತ್ತದೆ. ಕಳೆದ ವರ್ಷಗಳನ್ನು ಹೋಲಿಸಲು ಅದು ಉಪಯುಕ್ತ. ಮುಂದಿನ ವರ್ಷಕ್ಕೆ ಅದನ್ನು ಹಾಗೆಯೇ ಎತ್ತಿ ಇಟ್ಟರೆ, 40ರ ಪಿಚರ್‌ನ ಭುಜ ಎಷ್ಟು ದಿನ ತಾಳೀತು ಎಂಬ ಪ್ರಶ್ನೆಯನ್ನೇ ಮರೆಮಾಚಿದಂತಾಗುತ್ತದೆ.

ಪ್ರಶ್ನೆ: ಡಿಗ್ರಾಮ್ ಸೇರಿದ ಟೆಕ್ಸಸ್ ರೇಂಜರ್ಸ್ 2023ರಲ್ಲಿ ವಿಶ್ವ ಸರಣಿಯನ್ನೇ ಗೆದ್ದಿತು. ಅವರನ್ನು ಬಿಟ್ಟದ್ದು ಮೆಟ್ಸ್‌ನ ದೊಡ್ಡ ತಪ್ಪಲ್ಲವೇ? (ಹುಬ್ಬಳ್ಳಿಯ ಓದುಗರು)

ಉತ್ತರ: ಟೆಕ್ಸಸ್ ಗೆದ್ದದ್ದು ನಿಜ; ಆದರೆ ಡಿಗ್ರಾಮ್ ಅವರಿಂದ ಗೆದ್ದಿತೆನ್ನಲಾಗದು. ಐದು ವರ್ಷಕ್ಕೆ 18.5 ಕೋಟಿ ಡಾಲರ್‌ಗೆ ಹೋದ ಅವರು ಆ ಋತುವಿನಲ್ಲಿ ಆರೇ ಪಂದ್ಯಗಳನ್ನು ಆರಂಭಿಸಿ, ಬಳಿಕ ಮೊಣಕೈ ಶಸ್ತ್ರಚಿಕಿತ್ಸೆಗೆ ಒಳಗಾದರು. 2021ರಲ್ಲಿ 15, 2022ರಲ್ಲಿ 11 ಪಂದ್ಯಗಳನ್ನಷ್ಟೇ ಆರಂಭಿಸಿದ್ದ ಪಿಚರ್‌ಗೆ ಐದು ವರ್ಷಗಳ ಭರವಸೆ ಕೊಡಲು ಮೆಟ್ಸ್ ಹಿಂಜರಿದದ್ದು ನ್ಯಾಯವೇ ಆಗಿತ್ತು. ಆದರೆ ಅದೇ ಡಿಗ್ರಾಮ್ 2025ರಲ್ಲಿ 30 ಪಂದ್ಯಗಳನ್ನು ಆರಂಭಿಸಿ ಮೂರಕ್ಕಿಂತ ಕಡಿಮೆ ಇ.ಆರ್.ಎ. ಕಾಯ್ದುಕೊಂಡರು. ಐದು ವರ್ಷಗಳ ಒಪ್ಪಂದಕ್ಕೆ ಮೊದಲ ಶರತ್ಕಾಲದಲ್ಲೇ ತೀರ್ಪು ಬರೆದವರು ಇಂದು ಅದನ್ನು ತಿದ್ದಿಕೊಳ್ಳಬೇಕಾಗಿದೆ.

ಟೆಕ್ಸಸ್‌ನ ಗೆಲುವಿನಲ್ಲಿ ಮೆಟ್ಸ್‌ನ ಪಾಲು ಇನ್ನೊಂದು ಬಗೆಯಲ್ಲಿ ಇದೆ. 2023ರ ಜುಲೈ ಕೊನೆ ಮತ್ತು ಆಗಸ್ಟ್ ಆರಂಭದಲ್ಲಿ, ಋತು ಕೈತಪ್ಪಿತೆಂದು ಖಚಿತವಾದಾಗ, ಮೆಟ್ಸ್ ಶರ್ಜರ್ ಅವರನ್ನು ಟೆಕ್ಸಸ್‌ಗೂ ವರ್ಲ್ಯಾಂಡರ್ ಅವರನ್ನು ಹ್ಯೂಸ್ಟನ್‌ಗೂ ಕಳುಹಿಸಿತು. ಅವರ ಉಳಿದ ಸಂಬಳದ ದೊಡ್ಡ ಪಾಲನ್ನು ತಾನೇ ಭರಿಸಲು ಒಪ್ಪಿದ್ದರಿಂದ ಪ್ರತಿಯಾಗಿ ಲೂಯಿಸ್ಆಂಗೆಲ್ ಅಕುನ್ಯಾ, ಡ್ರೂ ಗಿಲ್ಬರ್ಟ್, ರಯನ್ ಕ್ಲಿಫರ್ಡ್ ಎಂಬ ಎಳೆಯ ಪ್ರತಿಭೆಗಳು ದೊರೆತರು. ಎರಡೇ ವರ್ಷಗಳ ದುಬಾರಿ ಒಪ್ಪಂದ ಮಾಡಿಕೊಂಡದ್ದರ ಪ್ರಯೋಜನ ಇಲ್ಲಿ ಕಂಡಿತು. ವರ್ಲ್ಯಾಂಡರ್‌ಗೆ ಐದು ವರ್ಷಗಳ ಒಪ್ಪಂದ ಕೊಟ್ಟಿದ್ದರೆ ಹ್ಯೂಸ್ಟನ್ ಅಷ್ಟು ಸುಲಭವಾಗಿ ಕೈಚಾಚುತ್ತಿರಲಿಲ್ಲ. ಮರುವರ್ಷ, ಡೇವಿಡ್ ಸ್ಟರ್ನ್ಸ್ ಅವರ ಹೊಸ ಆಡಳಿತದಲ್ಲಿ, ಮೆಟ್ಸ್ 89 ಪಂದ್ಯಗಳನ್ನು ಗೆದ್ದು ನ್ಯಾಷನಲ್ ಲೀಗ್‌ನ ಅಂತಿಮ ಸರಣಿಯವರೆಗೆ ತಲುಪಿ ಅಲ್ಲಿ ಲಾಸ್ ಏಂಜಲಿಸ್ ಡಾಡ್ಜರ್ಸ್‌ಗೆ ಸೋತಿತು. ಆ ತಂಡದಲ್ಲಿ 2022–23ರ ಚಳಿಗಾಲದ ಒಪ್ಪಂದಗಳ ಪೈಕಿ ನಿಮ್ಮೊ, ಡಿಯಾಸ್, ಕಿಂಟಾನಾ ಮತ್ತು ಗಾಯದಿಂದ ಹೆಚ್ಚಿನ ದಿನ ಹೊರಗಿದ್ದ ಸೆಂಗಾ ಇನ್ನೂ ಇದ್ದರು.