1988ರ ಬರ್ಮಾ ವಿದ್ಯಾರ್ಥಿ ಹೋರಾಟ ಸೋತೇ ಹೋಯ್ತಲ್ವಾ? ಮಿಲಿಟರಿ ವಿರುದ್ಧ ವಿದ್ಯಾರ್ಥಿಗಳೇ ಯಾಕೆ ಮೊದಲು ಬೀದಿಗಿಳಿಯುತ್ತಾರೆ?

ಸೋತಿದ್ದು ನಿಜ. ಆದರೆ ಸೋತವರು ವಿದ್ಯಾರ್ಥಿಗಳು ಅಂತ ನಾನು ಒಪ್ಪುವುದಿಲ್ಲ. ದೆಹಲಿಯ ಜನಕಪುರಿಯಲ್ಲಿ ಕೆಲಸಕ್ಕಿದ್ದಾಗ ಅಕ್ಕಪಕ್ಕದಲ್ಲಿ ಬರ್ಮಾದಿಂದ (ಈಗಿನ ಮ್ಯಾನ್ಮಾರ್) ಬಂದ ನಿರಾಶ್ರಿತರಿದ್ದರು. ಆಗ ಹತ್ತಿದ ಓದಿನ ಹುಚ್ಚಿನಿಂದ ಈ ಉತ್ತರ.

ಎಲ್ಲ ಶುರುವಾಗಿದ್ದು ದುಡ್ಡಿನಿಂದ. 1987ರ ಸೆಪ್ಟೆಂಬರ್‌ನಲ್ಲಿ ಜನರಲ್ ನೆ ವಿನ್ ಸರ್ಕಾರ 25, 35, 75 ಕ್ಯಾಟ್ ನೋಟುಗಳು ಇನ್ನು ನಡೆಯುವುದಿಲ್ಲ ಅಂದುಬಿಟ್ಟಿತು. ಬದಲಿಗೆ ಬಂದದ್ದು 45 ಮತ್ತು 90ರ ನೋಟು. ಎರಡೂ ಒಂಬತ್ತರಿಂದ ಭಾಗವಾಗುತ್ತವೆ, ಒಂಬತ್ತು ನೆ ವಿನ್‌ನ ಅದೃಷ್ಟದ ಸಂಖ್ಯೆಯಂತೆ! ನಮ್ಮಲ್ಲಿ 2016ರಲ್ಲಿ ಬ್ಯಾಂಕ್ ಮುಂದೆ ಸಾಲು ನಿಂತಾದರೂ ನೋಟು ಬದಲಿಸಿಕೊಂಡೆವು. ಅಲ್ಲಿ ಅದೂ ಇಲ್ಲ. ಕೂಡಿಟ್ಟ ದುಡ್ಡು ರಾತ್ರೋರಾತ್ರಿ ರದ್ದಿ ಕಾಗದವಾಯಿತು. ಫೀಸಿಗೆ ಇಟ್ಟುಕೊಂಡ ದುಡ್ಡೂ ಹೋಯಿತು.

ಕಿಡಿ ಹೊತ್ತಿದ್ದು ಮಾತ್ರ 1988ರ ಮಾರ್ಚ್ 12ರಂದು, ರಂಗೂನಿನ ಒಂದು ಟೀ ಅಂಗಡಿಯಲ್ಲಿ. ಯಾವ ಕ್ಯಾಸೆಟ್ ಹಾಕಬೇಕು ಅಂತ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ಸ್ಥಳೀಯ ಹುಡುಗರಿಗೂ ಜಗಳ. ಒಬ್ಬ ವಿದ್ಯಾರ್ಥಿಗೆ ಗಾಯವಾಯಿತು. ಹೊಡೆದವನು ಆಳುವ ಪಕ್ಷದ ಅಧಿಕಾರಿಯ ಮಗ, ಬೇಗನೆ ಬಿಡುಗಡೆಯಾದ. ಅದನ್ನು ಕೇಳಲು ಹೋದವರ ಮೇಲೆ ಮರುದಿನ ಗುಂಡು ಹಾರಿತು, ಫೋನ್ ಮಾವ್ ಎಂಬ ವಿದ್ಯಾರ್ಥಿ ಸತ್ತ. ಅದೇ ವಾರ ಬಂಧಿತರನ್ನು ಪೊಲೀಸ್ ವ್ಯಾನಿನಲ್ಲಿ ಒತ್ತೊತ್ತಾಗಿ ತುಂಬಿದರು. ಒಳಗೇ 41 ಜನ ಉಸಿರುಗಟ್ಟಿ ಸತ್ತರು. ಸರ್ಕಾರ ಇದನ್ನು ಒಪ್ಪಿಕೊಂಡದ್ದು ಜುಲೈನಲ್ಲಿ.

ವಿದ್ಯಾರ್ಥಿಗಳೇ ಯಾಕೆ ಅಂದರೆ, ಬೇರೆ ಯಾರೂ ಒಟ್ಟಿಗೆ ಸೇರುವ ಜಾಗವೇ ಇರಲಿಲ್ಲ. ಆಳುವ ಪಕ್ಷ ಬಿಟ್ಟು ಉಳಿದ ಪಕ್ಷಗಳನ್ನೆಲ್ಲ 1964ರಲ್ಲೇ ನಿಷೇಧಿಸಿದ್ದರು. ಉಳಿದದ್ದು ಕಾಲೇಜು, ಹಾಸ್ಟೆಲ್. ಇದು ಸೇನೆಗೂ ಚೆನ್ನಾಗಿ ಗೊತ್ತಿತ್ತು. 1962ರಲ್ಲಿ ಅಧಿಕಾರ ಹಿಡಿದ ಕೆಲವೇ ತಿಂಗಳಲ್ಲಿ ರಂಗೂನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘದ ಕಟ್ಟಡವನ್ನೇ ಡೈನಮೈಟ್ ಇಟ್ಟು ಉಡಾಯಿಸಿತ್ತು. 1988ರಲ್ಲಿ ಗಲಾಟೆಯಾದಾಗಲೆಲ್ಲ ಕಾಲೇಜು ಮುಚ್ಚಿತು. ಆದರೆ ಅದು ತಿರುಗುಬಾಣವಾಯಿತು. ಊರಿಗೆ ಹೋದ ಹುಡುಗರು ಸುಮ್ನೆ ಕೂರಲಿಲ್ಲ, ಸುದ್ದಿ ಸಣ್ಣ ಪಟ್ಟಣಗಳಿಗೂ ಮುಟ್ಟಿತು.

ಜುಲೈನಲ್ಲಿ ನೆ ವಿನ್ ಪಕ್ಷದ ಅಧ್ಯಕ್ಷ ಸ್ಥಾನ ಬಿಟ್ಟ. ಹೋಗುವಾಗ ಸೇನೆ ಗುಂಡು ಹಾರಿಸಿದರೆ ಗಾಳಿಗಲ್ಲ, ಗುರಿಯಿಟ್ಟೇ ಹಾರಿಸುತ್ತದೆ ಅಂತ ಬೆದರಿಸಿಯೇ ಹೋದ. ಆದರೂ ಆಗಸ್ಟ್ 8ರಂದು, ಅಂದರೆ 8-8-88ರಂದು, ದೇಶವೇ ಮುಷ್ಕರಕ್ಕಿಳಿಯಿತು. ಹಡಗುಕಟ್ಟೆಯ ಕಾರ್ಮಿಕರು, ಭಿಕ್ಷುಗಳು, ಸರ್ಕಾರಿ ನೌಕರರು, ಎಲ್ಲರೂ ಬಂದರು.

ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ 18ರವರೆಗೆ ಸರ್ಕಾರ ಹೆಸರಿಗಷ್ಟೇ ಇತ್ತು. ಮಧ್ಯಂತರ ಸರ್ಕಾರ ಕಟ್ಟಿ ಅಂತ ವಿದ್ಯಾರ್ಥಿಗಳು ಹಿರಿಯರನ್ನು ಒತ್ತಾಯಿಸಿದರು. ಮಾಜಿ ಪ್ರಧಾನಿ ಊ ನು ತಾನೇ ಪ್ರಧಾನಿ ಅಂತ ಘೋಷಿಸಿಕೊಂಡರು. ಉಳಿದ ವಿರೋಧಿ ನಾಯಕರಾದ ಆಂಗ್ ಸಾನ್ ಸೂ ಕಿ, ಟಿನ್ ಊ, ಆಂಗ್ ಗ್ಯಿ ಮಾತ್ರ ಊ ನು ಜೊತೆ ಸೇರಲಿಲ್ಲ. ಅಷ್ಟರಲ್ಲಿ ಸೇನೆ ಸುಧಾರಿಸಿಕೊಂಡು ಮತ್ತೆ ಅಧಿಕಾರ ಹಿಡಿಯಿತು. ಆ ವರ್ಷ ಸತ್ತವರು ಸುಮಾರು 3,000 ಅಂತ ಅಂದಾಜು. ನನ್ನ ಸಿಟ್ಟೆಲ್ಲ ಆ ಹಿರಿಯರ ಮೇಲೆ. ಬಾಗಿಲು ತೆರೆದು ಕೊಟ್ಟ ಮೇಲೂ ಒಳಗೆ ಹೋಗುವವರು ಯಾರು ಅಂತ ಜಗಳವಾಡಿದರೆ ಹುಡುಗರು ಏನು ಮಾಡಬೇಕಿತ್ತು?

ಬೆಲೆ ತೆತ್ತವರೂ ಹುಡುಗರೇ. ವಿದ್ಯಾರ್ಥಿ ಸಂಘದ ನಾಯಕ ಮಿನ್ ಕೋ ನಾಯಿಂಗ್ 1989ರಲ್ಲಿ ಒಳಗೆ ಹೋದವರು ಹೊರಬಂದದ್ದು 2004ರಲ್ಲಿ. 2007ರಲ್ಲಿ ಮತ್ತೆ ಬಂಧನ, 65 ವರ್ಷ ಶಿಕ್ಷೆ, 2012ರಲ್ಲಿ ಬಿಡುಗಡೆ. ಸಾವಿರಾರು ವಿದ್ಯಾರ್ಥಿಗಳು ಥಾಯ್ಲೆಂಡ್ ಗಡಿಯ ಕಾಡು ಸೇರಿದರು, ಕೆಲವರು ಭಾರತಕ್ಕೂ ಬಂದರು.

2021ರ ಫೆಬ್ರವರಿಯಲ್ಲಿ ಸೇನೆ ಮತ್ತೆ ಅಧಿಕಾರ ಕಿತ್ತುಕೊಂಡಿತು. ಈ ಸಲ ಆಯ್ಕೆಯಾಗಿದ್ದ ಸಂಸದರು ಏಪ್ರಿಲ್‌ನಲ್ಲೇ ಪರ್ಯಾಯ ಸರ್ಕಾರ ಘೋಷಿಸಿದರು. 1988ರಲ್ಲಿ ಆಗದ ಕೆಲಸ ಅದು. 88ರ ಪೀಳಿಗೆಯ ಕೋ ಜಿಮ್ಮಿ ಈ ಹೋರಾಟದಲ್ಲೂ ಇದ್ದರು. 2022ರ ಜುಲೈನಲ್ಲಿ ಸೇನೆ ಅವರಿಗೆ ಮರಣದಂಡನೆ ಜಾರಿ ಮಾಡಿತು.