"ಯಾರಾದ್ರೂ ಎತ್ಕೊಂಡು ಹೋಗ್ತಾರೆ" ಅಂದ್ರೆ ಯಾರು?

ನಮಸ್ಕಾರ ಮೇಡಂ,

ನಿಮ್ಮ ಪತ್ರ ಎರಡು ಸಲ ಓದಿದೆ. ಒಂಬತ್ತು ವರ್ಷದ ಮಗ, ವೀಲ್‌ಚೇರಲ್ಲಿ ಓಡಾಡ್ತಾನೆ, ಕ್ಲಾಸು ಮೊದಲನೇ ಮಹಡೀಲಿ. ಫೈರ್ ಡ್ರಿಲ್ ದಿನ ಮಕ್ಕಳೆಲ್ಲ ಸಾಲಾಗಿ ಇಳಿದು ಹೋದ್ರು, ಅವನಿಗೆ ಮಾತ್ರ "ನೀನು ಇಲ್ಲೇ ಕೂತಿರು ಪುಟ್ಟ, ಇದು ಬರೀ ಪ್ರಾಕ್ಟೀಸು" ಅಂದ್ರಂತೆ, ನೀವು ಹೋಗಿ ಕೇಳಿದ್ರೆ "ನಿಜವಾಗ್ಲೂ ಏನಾದ್ರೂ ಆದ್ರೆ ಯಾರಾದ್ರೂ ಎತ್ಕೊಂಡು ಹೋಗ್ತಾರೆ ಬಿಡಿ" ಅಂದ್ರಂತೆ. ಇನ್ನೂ ಒತ್ತಾಯ ಮಾಡಿದ್ರೆ ಅತಿಯಾಗುತ್ತಾ, ಸ್ಕೂಲಿನವ್ರು ಮುನಿಸ್ಕೋತಾರಾ ಅಂತ ಕೇಳಿದೀರಿ.

ಅತಿಯಾಗಲ್ಲ. ಮುನಿಸ್ಕೊಂಡ್ರೆ ಮುನಿಸ್ಕೊಳ್ಲಿ.

ಮೊದಲು ಆ "ಯಾರಾದ್ರೂ" ಅನ್ನೋರ ಹೆಸರು ಕೇಳಿ. ಅವರು ಅವತ್ತು ರಜದಲ್ಲಿದ್ರೆ ಇನ್ಯಾರು, ಅವರಿಗೆ ಚೇರ್ ಎಲ್ಲಿ ಹಿಡೀಬೇಕು ಅಂತ ಗೊತ್ತಾ? ಯಾಕೆ ಹೇಳ್ತಿದೀನಿ ಅಂದ್ರೆ ಎಷ್ಟೋ ವೀಲ್‌ಚೇರಲ್ಲಿ ಕೈ ಇಟ್ಕೊಳೋ ಭಾಗ ಕಳಚಿ ಬರುತ್ತೆ, ಗಾಬರೀಲಿ ಅದನ್ನೇ ಹಿಡಿದು ಎತ್ತಿದ್ರೆ ಅದು ಇವರ ಕೈಲಿ, ಮಗು ಮೆಟ್ಟಿಲ ಮೇಲೆ. ಬ್ಯಾಟರಿ ಚೇರ್ ಆದ್ರೆ ಅದರ ಭಾರಕ್ಕೆ ಎತ್ತೋ ಮಾತೇ ಇಲ್ಲ. ಬೆಂಕಿ ಬಿದ್ದಾಗ ಮಾಮೂಲಿ ಲಿಫ್ಟ್ ಹತ್ತೋ ಹಾಗಿಲ್ಲ. ಇದಕ್ಕೇ ಅಂತ ಮೆಟ್ಟಿಲ ಮೇಲೆ ಜಾರಿಸ್ಕೊಂಡು ಇಳಿಸೋ ಇವ್ಯಾಕ್ಯುಯೇಷನ್ ಚೇರ್ ಇದೆ, ಆದ್ರೆ ಅದನ್ನೂ ಬಳಸಿ ರೂಢಿ ಇರ್ಬೇಕು, ಮೂಲೇಲಿ ಕವರ್ ಹಾಕಿಟ್ರೆ ಏನುಪಯೋಗ. ಇಷ್ಟೆಲ್ಲ ಬೇಡ ಅಂದ್ರೆ ಆ ಕ್ಲಾಸನ್ನೇ ಕೆಳಗೆ ತರಬಹುದು, ಅದ್ಯಾಕೋ ಯಾರಿಗೂ ಹೊಳೆಯಲ್ಲ!

ಹಕ್ಕಿನ ವಿಷ್ಯ. ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆ ಅಂತಿದೆ, 2006ರಲ್ಲಿ ಅಂಗೀಕಾರ ಆಗಿ 2008ರಲ್ಲಿ ಜಾರಿಗೆ ಬಂತು. ಅದರ 24ನೇ ವಿಧಿ ಎಲ್ಲರ ಜೊತೆ ಕಲಿಯೋ ಹಕ್ಕು, 11ನೇದು ಆಪತ್ತಿನ ಹೊತ್ತಲ್ಲಿ ರಕ್ಷಣೆ. ಜನ ಇವೆರಡನ್ನೂ ಬೇರೆ ಬೇರೆಯಾಗಿ ಓದ್ತಾರೆ, ನನಗೆ ಎರಡೂ ಒಂದೇ ಅನ್ಸುತ್ತೆ, ಒಳಗೆ ಸೇರಿಸ್ಕೊಂಡ ಮೇಲೆ ಹೊರಗೆ ಕರ್ಕೊಂಡು ಬರೋದೂ ಸ್ಕೂಲಿನ ಕೆಲ್ಸಾನೇ ಅಲ್ವಾ. ಮಗುವಿಗೆ ಬೇಕಾದ ನ್ಯಾಯವಾದ ಹೊಂದಾಣಿಕೆ ಮಾಡ್ಕೊಡದೇ ಇರೋದೂ ತಾರತಮ್ಯಾನೇ ಅಂತ 2ನೇ ವಿಧಿಯಲ್ಲೇ ಇದೆ. ಹಾಗಾಗಿ ನೀವು ಕೇಳ್ತಿರೋದು ಉಪಕಾರ ಅಲ್ಲ.

ಬಾಯಿಮಾತಲ್ಲಿ ಮುಗಿಸ್ಬೇಡಿ, ಬರೆದು ಕೊಡಿ, ಬರೆದೇ ಉತ್ತರ ಕೇಳಿ. ಬೇರೆ ಮಕ್ಕಳ ಅಪ್ಪಅಮ್ಮನ್ನೂ ಸೇರಿಸ್ಕೊಳಿ, ಯಾಕಂದ್ರೆ ಪ್ಲಾನ್ ಒಬ್ಬೊಬ್ಬರಿಗೆ ಒಂದೊಂಥರ ಬೇಕು. ಕಿವಿ ಕೇಳದ ಮಗೂಗೆ ಸೈರನ್ ಹೊಡೆದ್ರೆಷ್ಟು ಬಿಟ್ರೆಷ್ಟು, ಮಿನುಗೋ ಲೈಟ್ ಬೇಕು. ಆಟಿಸಂ ಇರೋ ಮಗು ಅದೇ ಸೈರನ್ ಸದ್ದಿಗೆ ಕಿವಿ ಮುಚ್ಕೊಂಡು ಬೆಂಚಿನ ಕೆಳಗೆ ಸೇರ್ಕೊಬಹುದು, ಅದಕ್ಕೆ ಮುಂಚೇನೇ ಹೇಳಿ, ಅಭ್ಯಾಸ ಮಾಡಿಸಿ, ಹೆಡ್‌ಫೋನ್ ಕೈಗೆಟುಕೋ ಕಡೆ ಇಟ್ಟಿರ್ಬೇಕು. ಫಿಟ್ಸ್ ಔಷಧಿ ಎಲ್ಲಿದೆ ಅಂತಾನೂ ಕೇಳಿ, ಮಕ್ಕಳೆಲ್ಲ ಮೈದಾನದಲ್ಲಿದ್ದು ಔಷಧಿ ಆಫೀಸ್ ಬೀರುವಲ್ಲಿ, ಬೀಗದ ಕೈ ಇನ್ಯಾರದೋ ಜೇಬಲ್ಲಿ ಇದ್ರೆ ದೇವರೇ ಗತಿ.

ಮುಂದಿನ ಡ್ರಿಲ್ ಯಾವತ್ತು ಅಂತ ಕೇಳ್ಕೊಂಡು ನೀವೂ ಹೋಗಿ ಮೆಟ್ಟಿಲ ಹತ್ರ ನಿಂತ್ಕೊಳಿ. ಆದ ಮೇಲೆ ಮೇಷ್ಟ್ರನ್ನ ಕೇಳೋಕೆ ಮುಂಚೆ ಮಗನ್ನ ಕೇಳಿ, ಎಲ್ಲಿ ಭಯ ಆಯ್ತು, ಯಾರು ಎತ್ತಿದ್ರೆ ಪರವಾಗಿಲ್ಲ ಅನ್ಸುತ್ತೆ ಅಂತ. ತನಗೆ ಸಂಬಂಧಪಟ್ಟಿದ್ದನ್ನ ತಾನೇ ಹೇಳೋ ಹಕ್ಕು ಮಗೂಗಿದೆ, ಅದೇ ಒಡಂಬಡಿಕೆಯ 7ನೇ ವಿಧಿ. ಸ್ಕೂಲಿನವ್ರು ಯಾರ ಹೆಸರು ಬರೆದ್ರು ಅಂತ ನಮಗೂ ತಿಳಿಸಿ.

- ಸಂ