ಬ್ರಾಂಚಿಗೆ ಹೋಗದೆ 400 ವಿಂಡೋಸ್ ಕಂಪ್ಯೂಟರ್‌ಗಳ ಡಿಎನ್‌ಎಸ್ ಬದಲಿಸುವುದು ಹೇಗೆ?

ನಿಮ್ಮ ಹೆಡ್ ಆಫೀಸು ಶಿರಸಿಯಲ್ಲಿ, ಬ್ರಾಂಚುಗಳು ಕುಮಟಾ, ಹೊನ್ನಾವರ, ಯಲ್ಲಾಪುರದಲ್ಲಿ. ಹಳೇ ಡಿಎನ್‌ಎಸ್ ಸರ್ವರ್ (ಹೆಸರು ಕೊಟ್ಟರೆ ಅದರ ಐಪಿ ವಿಳಾಸ ಹೇಳುವ ಸರ್ವರ್) ತೆಗೆಯಬೇಕು, ಒಂದೊಂದು ಕಂಪ್ಯೂಟರ್ ಮುಂದೆ ಹೋಗಿ ಕೂರದೆ ಎಲ್ಲದಕ್ಕೂ ಹೊಸ ವಿಳಾಸ ಹಾಕಲು ಆಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ. ನಾನು ಕಾರವಾರದಲ್ಲಿ ಇದೇ ಕೆಲಸದಲ್ಲಿರುವವನು.

ಡಿಎಚ್‌ಸಿಪಿಯಿಂದ (ಕಂಪ್ಯೂಟರ್‌ಗಳಿಗೆ ತಾನಾಗಿ ವಿಳಾಸ ಹಂಚುವ ವ್ಯವಸ್ಥೆ) ವಿಳಾಸ ಪಡೆಯುವ ಕಂಪ್ಯೂಟರ್‌ಗಳಿಗೆ ಸ್ಕ್ರಿಪ್ಟೇ (ಕಮಾಂಡ್‌ಗಳನ್ನು ಬರೆದಿಟ್ಟ ಫೈಲ್) ಬೇಡ. ಡಿಎಚ್‌ಸಿಪಿ ಸರ್ವರಿನಲ್ಲಿ ಡಿಎನ್‌ಎಸ್ ವಿಳಾಸ ಇರುವ 006 ನಂಬರಿನ ಆಪ್ಷನ್ ಬದಲಿಸಿ, ಸಾಕು. ವಿಂಡೋಸ್ ಸರ್ವರಿನಲ್ಲಿ ಲೀಸ್ (ಕೊಟ್ಟ ವಿಳಾಸ ಇಟ್ಟುಕೊಳ್ಳುವ ಅವಧಿ) ಮೊದಲಿಂದಲೇ 8 ದಿನಕ್ಕೆ ಇರುತ್ತದೆ, ಅರ್ಧ ಅವಧಿಗೆ ಕಂಪ್ಯೂಟರ್ ತಾನೇ ಬಂದು ಹೊಸದನ್ನು ತೆಗೆದುಕೊಳ್ಳುತ್ತದೆ.

ತಲೆನೋವು ಇರುವುದು ಯಾರೋ ಡಿಎನ್‌ಎಸ್ ವಿಳಾಸ ಕೈಯಲ್ಲಿ ಬರೆದಿಟ್ಟು ಹೋದ ಕಂಪ್ಯೂಟರ್‌ಗಳದ್ದು. ಅವನ್ನು ಹುಡುಕಲು ವಿಂಡೋಸಿನಲ್ಲಿ ಕಮಾಂಡ್ ಓಡಿಸುವ ಪವರ್‌ಶೆಲ್‌ನಲ್ಲಿ ಗೆಟ್-ಡಿಎನ್‌ಎಸ್‌ಕ್ಲೈಂಟ್‌ಸರ್ವರ್‌ಅಡ್ರೆಸ್ ಒಂದನ್ನೇ ನಂಬಬೇಡಿ, ಅದು ಕೈಯಲ್ಲಿ ಹಾಕಿದ್ದನ್ನೂ ಡಿಎಚ್‌ಸಿಪಿ ಕೊಟ್ಟಿದ್ದನ್ನೂ ಒಂದೇ ಥರ ತೋರಿಸುತ್ತದೆ. ವಿಂಡೋಸ್ ತನ್ನ ಸೆಟ್ಟಿಂಗ್ ಇಡುವ ರಿಜಿಸ್ಟ್ರಿಯಲ್ಲಿ ಟಿಸಿಪಿಐಪಿಯ ಇಂಟರ್‌ಫೇಸಸ್ ಕೆಳಗೆ ನೋಡಿ: ಕೈಯಲ್ಲಿ ಹಾಕಿದ್ದು ನೇಮ್‌ಸರ್ವರ್‌ನಲ್ಲಿ, ಡಿಎಚ್‌ಸಿಪಿಯದ್ದು ಡಿಎಚ್‌ಸಿಪಿನೇಮ್‌ಸರ್ವರ್‌ನಲ್ಲಿ ಇರುತ್ತದೆ. ನೇಮ್‌ಸರ್ವರ್‌ನಲ್ಲಿ ಹಳೇ ವಿಳಾಸ ಸಿಕ್ಕರೆ ಮಾತ್ರ ನಿಮ್ಮ ಸ್ಕ್ರಿಪ್ಟ್ ಹೊಸ ವಿಳಾಸ ಬರೆಯುವ ಸೆಟ್-ಡಿಎನ್‌ಎಸ್‌ಕ್ಲೈಂಟ್‌ಸರ್ವರ್‌ಅಡ್ರೆಸ್ ಓಡಿಸಲಿ. ಈ ಷರತ್ತು ಬಿಟ್ಟು ಎಲ್ಲದಕ್ಕೂ ಸುಮ್ನೆ ಬರೆದುಬಿಟ್ಟರೆ, ಮನೆಗೆ ಒಯ್ಯುವ ಲ್ಯಾಪ್‌ಟಾಪ್‌ಗೂ ಆಫೀಸಿನ ವಿಳಾಸ ಅಂಟಿಕೊಂಡು ಅಲ್ಲಿ ಒಂದು ಪೇಜೂ ತೆರೆಯುವುದಿಲ್ಲ.

ಈಗ ಇದನ್ನು ತಲುಪಿಸುವುದು. ದೂರದ ಕಂಪ್ಯೂಟರಿನಲ್ಲಿ ಕಮಾಂಡ್ ಓಡಿಸುವ ಇನ್ವೋಕ್-ಕಮಾಂಡ್‌ನಿಂದ ಆಗುತ್ತದೆ, ಆದರೆ ವಿಂಡೋಸ್ 10, 11ರಲ್ಲಿ ಅದಕ್ಕೆ ಬೇಕಾದ ವಿನ್‌ಆರ್‌ಎಂ ಎಂಬ ಸೇವೆ ಮೊದಲಿಂದ ಆನ್ ಇರುವುದಿಲ್ಲ, ಕಂಪ್ಯೂಟರ್ ಬೇರೆ ಆನ್ ಇರಬೇಕು. ದೇವಿಮನೆ ಘಟ್ಟದಲ್ಲಿ ಮರ ಬಿದ್ದು ಲೈನ್ ಹೋಗುವ ನಮ್ಮ ಮಳೆಗಾಲದಲ್ಲಿ ಎಲ್ಲಾ ಬ್ರಾಂಚೂ ಒಟ್ಟಿಗೆ ಸಿಗುತ್ತವೆ ಅನ್ನುವ ಭರವಸೆ ಇಲ್ಲ, ಅಲ್ವಾ? ಅದಕ್ಕೇ ನಾನು ಗ್ರೂಪ್ ಪಾಲಿಸಿಯ (ಆಫೀಸಿನ ಎಲ್ಲಾ ವಿಂಡೋಸ್ ಕಂಪ್ಯೂಟರ್‌ಗಳಿಗೂ ಒಂದೇ ಕಡೆಯಿಂದ ಸೆಟ್ಟಿಂಗ್ ಕಳಿಸುವ ವ್ಯವಸ್ಥೆ) ಸ್ಟಾರ್ಟಪ್ ಸ್ಕ್ರಿಪ್ಟ್ ಅನ್ನೇ ಹೇಳುತ್ತೇನೆ. ಕಂಪ್ಯೂಟರ್ ಯಾವಾಗ ಆನ್ ಆದರೂ ಓಡುತ್ತದೆ, ಅಡ್ಮಿನ್ ಪಾಸ್‌ವರ್ಡೂ ಬೇಡ, ಷರತ್ತು ಇರುವುದರಿಂದ ಎಷ್ಟು ಸಲ ಓಡಿದರೂ ತೊಂದರೆ ಇಲ್ಲ. ಬೇಗ ಆನ್ ಆಗಲೆಂದು ಪೂರ್ತಿ ಆಫ್ ಆಗದ ಫಾಸ್ಟ್ ಸ್ಟಾರ್ಟಪ್ ಇದ್ದ ಕಡೆ ಶಟ್‌ಡೌನ್ ಸಾಲದು, ರೀಸ್ಟಾರ್ಟ್ ಕೊಡಲು ಹೇಳಿ.

ಒಂದು ಮಾತು ಮಾತ್ರ ದಯವಿಟ್ಟು ಮರೆಯಬೇಡಿ. ಆ ಸ್ಕ್ರಿಪ್ಟ್ ಇರುವುದು ಆಫೀಸಿನ ಲಾಗಿನ್ ನೋಡಿಕೊಳ್ಳುವ ಡೊಮೇನ್ ಕಂಟ್ರೋಲರ್ ಸರ್ವರಿನಲ್ಲಿ, ಕಂಪ್ಯೂಟರ್ ಅದನ್ನು ಹುಡುಕುವುದೇ ಡಿಎನ್‌ಎಸ್ ಮೂಲಕ. ಹಳೇ ಸರ್ವರ್ ಮೊದಲೇ ಆಫ್ ಮಾಡಿದರೆ ಸ್ಕ್ರಿಪ್ಟ್ ತಲುಪುವುದೇ ಇಲ್ಲ, ಆಮೇಲೆ ಬ್ರಾಂಚಿಗೆ ಬಸ್ ಹತ್ತಲೇಬೇಕು. ಎರಡನೇ ಡಿಎನ್‌ಎಸ್ ಅಂತ ಗೂಗಲಿನ 8.8.8.8 ಹಾಕುವುದೂ ಬೇಡ. ಅದಕ್ಕೆ ನಿಮ್ಮ ಡೊಮೇನ್ ಗೊತ್ತಿಲ್ಲ, ಲಾಗಿನ್ ಆಗಾಗ ಕೈಕೊಡುತ್ತದೆ. ಹೊರಗಿನ ಹೆಸರುಗಳಿಗೆ ನಿಮ್ಮ ಸರ್ವರಿನಲ್ಲೇ ಫಾರ್ವರ್ಡರ್ (ತನಗೆ ಗೊತ್ತಿಲ್ಲದ ಹೆಸರನ್ನು ಹೊರಗಿನ ಡಿಎನ್‌ಎಸ್ ಹತ್ತಿರ ಕೇಳುವ ಸೆಟ್ಟಿಂಗ್) ಹಾಕಿ.

ಹಳೇ ಸರ್ವರಿನಲ್ಲಿ ಡಿಬಗ್ ಲಾಗಿಂಗ್ ಆನ್ ಮಾಡಿಟ್ಟರೆ ಇನ್ನೂ ಯಾರು ಅದನ್ನೇ ಕೇಳುತ್ತಿದ್ದಾರೆ ಅಂತ ಐಪಿ ಸಮೇತ ಕಾಣುತ್ತದೆ. ಕೊನೆಗೆ ಉಳಿಯುವುದು ಜಾಸ್ತಿ ಪ್ರಿಂಟರು, ಹಾಜರಿ ಮಷೀನು, ಸಿಸಿಟಿವಿ ಡಬ್ಬಿಗಳು. ಅವಕ್ಕೆ ಗ್ರೂಪ್ ಪಾಲಿಸಿ ನಾಟುವುದಿಲ್ಲ, ಕೈಯಲ್ಲೇ ಬದಲಿಸಬೇಕು.